ಮುಂದಿನ ವಾರದ ಪಂದ್ಯ ಹುಡುಕಿ ಹೊರಟವರು

2025ರ ಏಪ್ರಿಲ್ 12. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನ ಫೈನಲ್. ಮೋಹನ್ ಬಾಗನ್‌ನ ಡಿಫೆಂಡರ್ ಆಲ್ಬರ್ಟೊ ರಾಡ್ರಿಗಸ್‌ಗೆ ತಗುಲಿದ ಚೆಂಡು ಅವರದೇ ಗೋಲಿನೊಳಗೆ ಹೋಗಿದ್ದರಿಂದ ಬೆಂಗಳೂರು ಎಫ್‌ಸಿ 1–0 ಮುಂದಿತ್ತು. 72ನೇ ನಿಮಿಷದಲ್ಲಿ ಮೋಹನ್ ಬಾಗನ್‌ಗೆ ಪೆನಾಲ್ಟಿ ಸಿಕ್ಕಿತು. ಚೆಂಡಿನ ಮುಂದೆ ಬಂದು ನಿಂತವರು ಜೇಸನ್ ಕಮ್ಮಿಂಗ್ಸ್. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿ, ಇಂಗ್ಲೆಂಡಿನ ನಾಲ್ಕು ಊರುಗಳಲ್ಲಿ ಆಡಿ, ಆಸ್ಟ್ರೇಲಿಯಾಕ್ಕೆ ಹೋಗಿ, ಅಲ್ಲಿಂದ ಕೋಲ್ಕತ್ತಕ್ಕೆ ಬಂದ ಸ್ಟ್ರೈಕರ್. ಮೋಹನ್ ಬಾಗನ್ ಅವರ ಒಂಬತ್ತನೇ ಕ್ಲಬ್. ಅವರು ಗೋಲು ಹೊಡೆದರು, ಪಂದ್ಯ ಸಮವಾಯಿತು. ಹೆಚ್ಚುವರಿ ಸಮಯದ ಆರನೇ ನಿಮಿಷದಲ್ಲಿ ಜೇಮಿ ಮೆಕ್ಲಾರೆನ್ ಇನ್ನೊಂದು ಹೊಡೆದು ಕಪ್ ಗೆಲ್ಲಿಸಿದರು. ಮೆಕ್ಲಾರೆನ್ ಹುಟ್ಟಿದ್ದು ಮೆಲ್ಬರ್ನ್‌ನಲ್ಲಾದರೂ ಅಪ್ಪ ಸ್ಕಾಟ್ಲೆಂಡಿನವರು. ಅದೇ ತಂಡದಲ್ಲಿ ಸ್ಟರ್ಲಿಂಗ್ ಪಟ್ಟಣದ ಗ್ರೆಗ್ ಸ್ಟೀವರ್ಟ್ ಕೂಡ ಇದ್ದರು.

ಎದುರಿನ ಬೆಂಗಳೂರು ತಂಡದಲ್ಲಿ ಇದ್ದವರು ನಲವತ್ತು ದಾಟಿದ ಸುನಿಲ್ ಚೆಟ್ರಿ. ದೆಹಲಿ, ಕೋಲ್ಕತ್ತ, ಪಂಜಾಬಿನ ಫಗ್ವಾರಾ, ಗೋವಾ, ಅಮೆರಿಕದ ಕ್ಯಾನ್ಸಸ್ ಸಿಟಿ, ಪೋರ್ಚುಗಲ್‌ನ ಲಿಸ್ಬನ್ ಎಲ್ಲ ಸುತ್ತಿ ಕೊನೆಗೆ ಬೆಂಗಳೂರಿನಲ್ಲಿ ನೆಲೆ ನಿಂತವರು. ಆ ವಯಸ್ಸಿನಲ್ಲೂ ಆ ಋತುವಿನ ಲೀಗ್‌ನಲ್ಲಿ 14 ಗೋಲು ಹೊಡೆದಿದ್ದರು. ಭಾರತೀಯರ ಪೈಕಿ ಅವರಿಗಿಂತ ಹೆಚ್ಚು ಹೊಡೆದವರು ಯಾರೂ ಇರಲಿಲ್ಲ. ಬೆಂಗಳೂರು ಫೈನಲ್‌ಗೆ ಬಂದದ್ದೇ ಅವರಿಂದ. ಗೋವಾದ ಫತೋರ್ಡಾದಲ್ಲಿ ಸೆಮಿಫೈನಲ್‌ನ ಎರಡನೇ ಪಂದ್ಯ ಮುಗಿಯುವ ಕೊನೆಯ ಗಳಿಗೆಯಲ್ಲಿ ಅವರು ತಲೆಯಿಂದ ಗೋಲು ಸೇರಿಸಿದ್ದರು.

ಹೀಗೆ ದೇಶ ಸುತ್ತುವ ಸ್ಟ್ರೈಕರ್‌ಗಳನ್ನು ನಮ್ಮಲ್ಲಿ ನೋಡುವ ರೀತಿಯೇ ಬೇರೆ. ದುಡ್ಡಿನ ಹಿಂದೆ ಹೋದವರು, ಒಂದು ಕಡೆ ನಿಲ್ಲದವರು ಎನ್ನುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ. ವಿಜಯಪುರದ ಪಕ್ಕದ ಇಟ್ಟಂಗಿಹಾಳದಂಥ ಊರಿನಲ್ಲಿ ಕೂತು, ನಮ್ಮ ಮಕ್ಕಳು ಶಾಲೆಯ ಬಯಲಿನಲ್ಲಿ ಚೆಂಡು ಒದೆಯುವುದನ್ನು ನೋಡುತ್ತಾ ಇವರ ಬದುಕನ್ನು ಓದಿದವನಿಗೆ ತಿಳಿಯುವುದು ಇನ್ನೊಂದು. ಇವರೆಲ್ಲ ಹೊರಟದ್ದು ಪಂದ್ಯ ಹುಡುಕಿ. ಸ್ಟ್ರೈಕರ್ ಆದವನಿಗೆ ಸಂಬಳ ಬೇಕು, ಹೆಸರು ಬೇಕು, ಹೌದು. ಆದರೆ ಅವೆಲ್ಲಕ್ಕಿಂತ ಮೊದಲು ಅವನಿಗೆ ಮುಂದಿನ ವಾರ ಆಡಲು ಒಂದು ಪಂದ್ಯ ಬೇಕು. ಯಾಕೆಂದರೆ ಅವನ ಕಸುಬಿನಲ್ಲಿ ತಪ್ಪುವುದೇ ಹೆಚ್ಚು. ಹತ್ತು ಸಲ ಒದ್ದರೆ ಎರಡು ಸಲ ಗೋಲಾದರೂ ಅವನು ದೊಡ್ಡ ಆಟಗಾರ. ಉಳಿದ ಎಂಟು ತಪ್ಪನ್ನು ತೊಳೆದುಕೊಳ್ಳಲು ಅವನಿಗೆ ಮತ್ತೆ ಮತ್ತೆ ಅವಕಾಶ ಬೇಕು.

ಕಮ್ಮಿಂಗ್ಸ್ ಕತೆಯನ್ನೇ ತೆಗೆದುಕೊಳ್ಳಿ. ಎಡಿನ್‌ಬರೋದಲ್ಲಿ ಎರಡು ದೊಡ್ಡ ಕ್ಲಬ್‌ಗಳಿವೆ, ಹಾರ್ಟ್ಸ್ ಮತ್ತು ಹೈಬರ್ನಿಯನ್. ಎರಡಕ್ಕೂ ಹಳೆಯ ಹಗೆತನ. ಕಮ್ಮಿಂಗ್ಸ್ ಮೊದಲು ಇದ್ದದ್ದು ಹಾರ್ಟ್ಸ್‌ನ ಕಿರಿಯರ ತಂಡದಲ್ಲಿ. ಅಲ್ಲಿಂದ ಹೊರಬಿದ್ದು ಹೈಬರ್ನಿಯನ್ ಸೇರಿದರು. 2014ರ ಮೇ ತಿಂಗಳಲ್ಲಿ ಹೈಬರ್ನಿಯನ್ ಮೇಲಿನ ದರ್ಜೆಯಲ್ಲಿ ಉಳಿಯಬೇಕೋ ಕೆಳಗಿಳಿಯಬೇಕೋ ಎಂಬ ನಿರ್ಣಾಯಕ ಹಣಾಹಣಿ ಹ್ಯಾಮಿಲ್ಟನ್ ತಂಡದ ಎದುರು. ಮೊದಲ ಪಂದ್ಯ 2–0 ಗೆದ್ದಾಗ ಎರಡೂ ಗೋಲು ಈ ಹದಿನೆಂಟರ ಹುಡುಗನದೇ. ಎರಡನೇ ಪಂದ್ಯದಲ್ಲಿ ಹ್ಯಾಮಿಲ್ಟನ್ ಅಷ್ಟೇ ಗೋಲು ತಿರುಗಿಸಿ ಹೊಡೆಯಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಕಮ್ಮಿಂಗ್ಸ್ ಒದ್ದ ಚೆಂಡು ಗೋಲಾಗಲಿಲ್ಲ. ಹೈಬರ್ನಿಯನ್ ಕೆಳದರ್ಜೆಗೆ ಇಳಿಯಿತು.

ಹದಿನೆಂಟು ವರ್ಷದ ಹುಡುಗನ ತಲೆಯ ಮೇಲೆ ಒಂದಿಡೀ ಕ್ಲಬ್ಬಿನ ಸೋಲು. ನಮ್ಮ ಕಡೆ ಆಗಿದ್ದರೆ ಅವನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಮನೆಯವರೇ 'ಸಾಕ್ ಬಿಡಪಾ, ಓದ್ಕೋ' ಎನ್ನುತ್ತಿದ್ದರು. ಅಲ್ಲಿ ಮಾತ್ರ ಕೆಲವೇ ವಾರಗಳಲ್ಲಿ ಹೊಸ ಋತು ಶುರುವಾಯಿತು, ಶನಿವಾರ ಬಂದರೆ ಪಂದ್ಯ, ಮತ್ತೆ ಶನಿವಾರ ಬಂದರೆ ಪಂದ್ಯ. ಆ ಋತುವಿನಲ್ಲಿ ಕಮ್ಮಿಂಗ್ಸ್ ಇಪ್ಪತ್ತು ದಾಟಿ ಗೋಲು ಹೊಡೆದರು.

2016ರ ಏಪ್ರಿಲ್‌ನಲ್ಲಿ ಸ್ಕಾಟಿಷ್ ಕಪ್ ಸೆಮಿಫೈನಲ್. ಡಂಡಿ ಯುನೈಟೆಡ್ ಎದುರು. ಕಮ್ಮಿಂಗ್ಸ್‌ಗೆ ಪೆನಾಲ್ಟಿ ಸಿಕ್ಕಿತು. ಗೋಲ್‌ಕೀಪರ್ ಪಕ್ಕಕ್ಕೆ ಹಾರುವ ಹೊತ್ತಿಗೆ ಚೆಂಡನ್ನು ಮೆಲ್ಲಗೆ ಎತ್ತಿ ನಡುವೆ ಹಾಕುವ ಸೊಗಸಿನ ಒದೆತಕ್ಕೆ ಕೈಹಾಕಿದರು. ಚೆಂಡು ಗೋಲಿನ ಮೇಲೆ ಹಾರಿಹೋಯಿತು. ಪಂದ್ಯ ಗೋಲಿಲ್ಲದೆ ಮುಗಿದು ಶೂಟೌಟ್‌ಗೆ ಹೋದಾಗ ಗೆಲುವಿನ ಪೆನಾಲ್ಟಿ ಒದೆಯಲು ಬಂದವರೂ ಅವರೇ. ಈ ಸಲ ತಪ್ಪಲಿಲ್ಲ. ಮೇ 21ರಂದು ಹೈಬರ್ನಿಯನ್ ಫೈನಲ್‌ನಲ್ಲಿ ರೇಂಜರ್ಸ್ ತಂಡವನ್ನು 3–2ರಿಂದ ಸೋಲಿಸಿತು. 1902ರ ನಂತರ, ಅಂದರೆ 114 ವರ್ಷಗಳ ಮೇಲೆ ಆ ಕಪ್ ಅವರ ಕೈಗೆ ಬಂತು. ಕೋಲ್ಕತ್ತದ ಆ 72ನೇ ನಿಮಿಷದಲ್ಲಿ ಚೆಂಡಿನ ಮುಂದೆ ನಿಂತ ಕಾಲುಗಳಲ್ಲಿ ಈ ಎರಡು ತಪ್ಪೂ ಇದ್ದವು ಎಂದೇ ನಾನು ನಂಬುತ್ತೇನೆ.

2017ರಲ್ಲಿ ಅವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದರು. ದೊಡ್ಡ ಹೆಸರಿನ ಕ್ಲಬ್. ಆದರೆ ಅಲ್ಲಿ ಆಡುವುದಕ್ಕಿಂತ ಬೆಂಚು ಕಾಯುವುದೇ ಹೆಚ್ಚಾಯಿತು. ಅಲ್ಲಿಂದ ಎರವಲಾಗಿ ಗ್ಲಾಸ್ಗೋದ ರೇಂಜರ್ಸ್, ಪೀಟರ್‌ಬರೋ, ಲೂಟನ್. ಆಮೇಲೆ ಶ್ರೂಸ್‌ಬರಿ ಎಂಬ ಮೂರನೇ ದರ್ಜೆಯ ಕ್ಲಬ್. 2020ರ ಜನವರಿ 26ರಂದು ಎಫ್.ಎ. ಕಪ್‌ನಲ್ಲಿ ಆಗಿನ ಯುರೋಪ್ ಚಾಂಪಿಯನ್ ಲಿವರ್‌ಪೂಲ್ ಈ ಸಣ್ಣ ಊರಿಗೆ ಆಡಲು ಬಂತು, 2–0 ಮುಂದೆಯೂ ಹೋಯಿತು. ಬದಲಿ ಆಟಗಾರನಾಗಿ ಇಳಿದ ಕಮ್ಮಿಂಗ್ಸ್ ಎರಡು ಗೋಲು ಹೊಡೆದು ಪಂದ್ಯ ಸಮ ಮಾಡಿದರು. ಸ್ಕಾಟ್ಲೆಂಡ್ ಪರ ಎರಡೇ ಪಂದ್ಯ ಆಡಿದ್ದ ಅವರಿಗೆ, ತಾಯಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದವರಾದ್ದರಿಂದ ಆ ದೇಶದ ಪರ ಆಡುವ ದಾರಿ ತೆರೆಯಿತು. 2022ರ ಆರಂಭದಲ್ಲಿ ಸೆಂಟ್ರಲ್ ಕೋಸ್ಟ್ ಮರೈನರ್ಸ್ ಎಂಬ ಆಸ್ಟ್ರೇಲಿಯಾದ ಕ್ಲಬ್ ಸೇರಿ, ಅದೇ ವರ್ಷದ ಕೊನೆಗೆ ಕತಾರ್ ವಿಶ್ವಕಪ್‌ನಲ್ಲಿ ಫ್ರಾನ್ಸ್ ಎದುರು ಮೈದಾನಕ್ಕಿಳಿದರು. 2023ರ ಜೂನ್‌ನಲ್ಲಿ ಅಲ್ಲಿನ ಲೀಗ್ ಫೈನಲ್ ಅನ್ನು ಮರೈನರ್ಸ್ 6–1ರಿಂದ ಗೆದ್ದಾಗ ಕಮ್ಮಿಂಗ್ಸ್ ಅವರದು ಹ್ಯಾಟ್ರಿಕ್. ಆ ವರ್ಷವೇ ಕೋಲ್ಕತ್ತಕ್ಕೆ ಬಂದರು. ಆಟ ಸಿಗದ ದೊಡ್ಡ ಊರಿಗಿಂತ ಆಟ ಸಿಗುವ ಸಣ್ಣ ಊರು ಲೇಸು ಎಂದು ಬಗೆದವನ ದಾರಿ ಇದು.

ಈಗ ನಮ್ಮ ಚೆಟ್ರಿ.

ಅವರು ಹುಟ್ಟಿದ್ದು 1984ರ ಆಗಸ್ಟ್ 3ರಂದು, ಸಿಕಂದರಾಬಾದ್‌ನಲ್ಲಿ. ಅಪ್ಪ ಸೇನೆಯಲ್ಲಿದ್ದವರು. ಅಮ್ಮ ಸುಶೀಲಾ ಮತ್ತು ಅವರ ಅವಳಿ ಸೋದರಿ ಇಬ್ಬರೂ ನೇಪಾಳದ ಮಹಿಳಾ ಫುಟ್‌ಬಾಲ್ ತಂಡದಲ್ಲಿ ಆಡಿದವರು. ಅಪ್ಪನ ವರ್ಗಾವಣೆಯ ಹಿಂದೆ ಗ್ಯಾಂಗ್ಟಕ್, ಡಾರ್ಜಿಲಿಂಗ್, ದೆಹಲಿ ಎಂದು ಶಾಲೆಗಳು ಬದಲಾದವು. ಹಾಗೆ ನೋಡಿದರೆ ಗಂಟುಮೂಟೆ ಕಟ್ಟುವುದು ಅವರಿಗೆ ಆಟಕ್ಕಿಂತ ಮೊದಲೇ ಅಭ್ಯಾಸವಾಗಿತ್ತು. 2002ರಲ್ಲಿ, ಹದಿನೆಂಟು ತುಂಬುವ ಹೊತ್ತಿಗೆ, ಮೋಹನ್ ಬಾಗನ್ ಕರೆಯಿತು. ಮೂರು ವರ್ಷ ಅಲ್ಲಿದ್ದು 2005ರಲ್ಲಿ ಫಗ್ವಾರಾದ ಜೆಸಿಟಿ ತಂಡಕ್ಕೆ ಹೋದರು. ಅದೊಂದು ಬಟ್ಟೆ ಗಿರಣಿಯ ತಂಡ. ಗಿರಣಿಯೂರಿನ ಆ ಮೂರು ವರ್ಷಗಳೇ ಅವರನ್ನು ಸ್ಟ್ರೈಕರ್ ಆಗಿ ಕಟ್ಟಿದವು ಎಂಬುದು ನನ್ನ ಅನಿಸಿಕೆ. ಅಲ್ಲಿ ಅವರು ವಾರವಾರವೂ ಆಡಿದರು. 2005ರ ಜೂನ್ 12ರಂದು ಪಾಕಿಸ್ತಾನದ ಕ್ವೆಟ್ಟಾದಲ್ಲಿ ಭಾರತದ ಪರ ಮೊದಲ ಪಂದ್ಯ ಆಡಿ ಮೊದಲ ಗೋಲು ಹೊಡೆದಿದ್ದರು. 2008ರ ಆಗಸ್ಟ್‌ನಲ್ಲಿ ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಿಕಿಸ್ತಾನದ ಎದುರು ಹ್ಯಾಟ್ರಿಕ್ ಬಾರಿಸಿದರು. ಆ ಗೆಲುವಿನಿಂದ ಭಾರತ 27 ವರ್ಷಗಳ ನಂತರ ಏಷ್ಯಾ ಕಪ್‌ನಲ್ಲಿ ಆಡುವಂತಾಯಿತು.

ಅಲ್ಲಿಂದ ಹೊರದೇಶದ ಬಾಗಿಲು ಬಡಿಯುವ ಕಾಲ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಮೂರು ವರ್ಷದ ಒಪ್ಪಂದಕ್ಕೆ ಸಿದ್ಧವಿತ್ತು. ಆದರೆ ಫಿಫಾ ಪಟ್ಟಿಯಲ್ಲಿ ಭಾರತ ಮೊದಲ ಎಪ್ಪತ್ತರೊಳಗೆ ಇಲ್ಲದ ಕಾರಣ ಬ್ರಿಟನ್ನಿನ ಕೆಲಸದ ಪರವಾನಗಿ ಸಿಗಲಿಲ್ಲ. ಆಟಗಾರ ಹೇಗೆ ಆಡುತ್ತಾನೆ ಎಂಬುದನ್ನು ನೋಡದೆ ಅವನ ದೇಶ ಎಷ್ಟನೇ ಸ್ಥಾನದಲ್ಲಿದೆ ಎಂದು ನೋಡಿದ ಆ ನಿಯಮ ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ. 2010ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿ ವಿಜಾರ್ಡ್ಸ್ ಸೇರಿದರು. ಮ್ಯಾಂಚೆಸ್ಟರ್ ಯುನೈಟೆಡ್ ಎದುರಿನ ಸ್ನೇಹಪಂದ್ಯದಲ್ಲಿ ಬದಲಿ ಆಟಗಾರನಾಗಿ ಇಳಿದರು. ಲೀಗ್‌ನಲ್ಲಿ ಮಾತ್ರ ಒಂದೂ ಪಂದ್ಯ ಸಿಗಲಿಲ್ಲ. ಮರು ವರ್ಷ ವಾಪಸು ಬಂದು ಕೋಲ್ಕತ್ತದ ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಾಗನ್. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್, ಅಂದರೆ ಕ್ರಿಸ್ಟಿಯಾನೊ ರೊನಾಲ್ಡೊ ಬೆಳೆದ ಕ್ಲಬ್. ಅದರ 'ಬಿ' ತಂಡದಲ್ಲಿ ಸಿಕ್ಕಿದ್ದು ಮೂರೇ ಪಂದ್ಯ. 2013ರ ಆರಂಭದಲ್ಲಿ ಎರವಲಾಗಿ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಬಂದು ಆ ತಂಡದೊಂದಿಗೆ ಐ-ಲೀಗ್ ಗೆದ್ದರು.

ಅಮೆರಿಕ, ಪೋರ್ಚುಗಲ್ ಎರಡೂ ಕಡೆ ಅವರು ಸೋತು ಬಂದರು ಎಂದು ಬರೆಯುವವರಿದ್ದಾರೆ. ಇಪ್ಪತ್ತೆಂಟರ ಸ್ಟ್ರೈಕರ್ ಒಬ್ಬ ಲಿಸ್ಬನ್‌ನಲ್ಲಿ ಕ್ಲಬ್ಬಿನ ಅಂಗಿ ತೊಟ್ಟು ಕೂತಿರುವುದಕ್ಕಿಂತ ಗೋವಾದ ಮಣ್ಣಿನಲ್ಲಿ ಆಡುವುದು ಮೇಲು ಎಂದು ತೀರ್ಮಾನಿಸಿದ್ದನ್ನು ಸೋಲು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆಗ ಬೆಂಗಳೂರು ಬಂತು. ಜೆಎಸ್‌ಡಬ್ಲ್ಯು ಸಂಸ್ಥೆ 2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿದಾಗ ಚೆಟ್ರಿ ಅದರ ಮೊದಲ ನಾಯಕ. ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೊದಲ ಋತು. ಹೊಸ ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಇನ್ನೊಮ್ಮೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು 3–1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಆ ರಾತ್ರಿ ಎರಡು ಗೋಲು ಚೆಟ್ರಿಯವರದು. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್‌ಗೆ ಒಂದೇ ಗೋಲಿನಿಂದ ಸೋತಿತು. 2019ರಲ್ಲಿ ಇಂಡಿಯನ್ ಸೂಪರ್ ಲೀಗ್, 2022ರಲ್ಲಿ ಡುರಾಂಡ್ ಕಪ್. ಸ್ಕಾಟ್ಲೆಂಡಿನ ನೆನಪು ಇಲ್ಲೂ ಇದೆ: 1888ರಲ್ಲಿ ಶಿಮ್ಲಾದಲ್ಲಿ ಡುರಾಂಡ್ ಕಪ್ ಮೊದಲ ಸಲ ನಡೆದಾಗ ಗೆದ್ದದ್ದು ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್ ಎಂಬ ಸ್ಕಾಟಿಷ್ ಪಲ್ಟಣದ ತಂಡ, ಸೋತದ್ದು ಇನ್ನೊಂದು ಸ್ಕಾಟಿಷ್ ಪಲ್ಟಣ. ಪಲ್ಟಣದ ಜೊತೆ ಬಂದ ಆಟವನ್ನು ಈ ದೇಶದ ದಂಡುಪ್ರದೇಶಗಳ ಹುಡುಗರು ತಮ್ಮದಾಗಿಸಿಕೊಂಡರು.

ಮುಂಬೈ ಸಿಟಿಗೆ ಎರಡು ಸಣ್ಣ ಎರವಲು ಬಿಟ್ಟರೆ ಚೆಟ್ರಿ ಆಮೇಲೆ ಬೆಂಗಳೂರು ಬಿಡಲಿಲ್ಲ. ಹತ್ತು ವರ್ಷ ಊರೂರು ತಿರುಗಿದ ಮನುಷ್ಯ ಅದಕ್ಕೂ ಹೆಚ್ಚು ವರ್ಷ ಒಂದೇ ಕಡೆ ನಿಂತರು. ನಿಲ್ಲಿಸಿದ್ದು ಪಂದ್ಯಗಳೇ. ಲೀಗ್, ಫೆಡರೇಷನ್ ಕಪ್, ಏಷ್ಯಾ ಮಟ್ಟದ ಕಪ್ ಎಂದು ವರ್ಷವಿಡೀ ಆಟ. ಭಾರತದ ಪರ 2024ರ ಜೂನ್ 6ರಂದು ಕುವೈತ್ ಎದುರು ಆಡಿ ವಿದಾಯ ಹೇಳಿದಾಗ 151 ಪಂದ್ಯ, 94 ಗೋಲು. ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ ಬಿಟ್ಟರೆ ದೇಶದ ಪರ ಇಷ್ಟು ಗೋಲು ಹೊಡೆದ ಗಂಡಸು ಜಗತ್ತಿನಲ್ಲಿ ಇನ್ನೊಬ್ಬನಿರಲಿಲ್ಲ. 2025ರ ಮಾರ್ಚ್‌ನಲ್ಲಿ ತಂಡ ಮತ್ತೆ ಕರೆದಾಗ ಬಂದು ಮಾಲ್ದೀವ್ಸ್ ಎದುರು 95ನೆಯದನ್ನೂ ಸೇರಿಸಿದರು.

ಚೆಟ್ರಿ ಬೆಂಗಳೂರಿಗೆ ಬಂದರು, ಸರಿ. ಅವರಿಗಿಂತ ಮುಂಚೆ ಬೆಂಗಳೂರಿನಿಂದಲೇ ಹೊರಟುಹೋದವರ ಸಾಲು ದೊಡ್ಡದು. ಅಹ್ಮದ್ ಖಾನ್ 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 1–2ರಿಂದ ಸೋತ ಪಂದ್ಯದಲ್ಲಿ ಅವರಿದ್ದರು. ಆ ಪಂದ್ಯದಲ್ಲಿ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಮೈಸೂರು ತಂಡದವರೇ. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ 10–1ರಿಂದ ಭಾರತವನ್ನು ಸೋಲಿಸಿದಾಗ ಆ ಒಂದು ಗೋಲು ಅಹ್ಮದ್ ಖಾನರದು. 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿ ಹತ್ತು ವರ್ಷ ಆಡಿದರು. ಆ ತಂಡದ ಐವರು ಮುಂಚೂಣಿ ಆಟಗಾರರನ್ನು ಕೋಲ್ಕತ್ತದ ಜನ ಪಂಚಪಾಂಡವರು ಎಂದು ಕರೆದರು, ಅವರಲ್ಲಿ ಇವರೊಬ್ಬರು. 2017ರಲ್ಲಿ ತೀರಿಕೊಂಡದ್ದೂ ಕೋಲ್ಕತ್ತದಲ್ಲೇ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ, ಎಂಬತ್ತರ ದಶಕದ ಸ್ಟ್ರೈಕರ್ ಬಾಬು ಮಣಿ, ಎಲ್ಲರೂ ಬೆಂಗಳೂರಿನಿಂದ ಕೋಲ್ಕತ್ತದ ರೈಲು ಹತ್ತಿದವರು. ಅಲ್ಲಿ 1898ರಿಂದ ಲೀಗ್ ನಡೆಯುತ್ತಿತ್ತು. ಆಟಗಾರನಿಗೆ ಪಂದ್ಯವೂ ಇತ್ತು, ಆಟ ನೋಡುವ ಜನವೂ ಇದ್ದರು.

ಆಸ್ಟಿನ್ ಟೌನ್‌ನ ಕಾರ್ಲ್‌ಟನ್ ಚಾಪ್ಮನ್ ಅವರ ಬದುಕು ಇನ್ನೂ ಹತ್ತಿರದ್ದು. ಅವರು ಸ್ಟ್ರೈಕರ್ ಅಲ್ಲ, ಮಿಡ್‌ಫೀಲ್ಡರ್. ಜಮ್‌ಶೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ ಕಲಿತು ಈಸ್ಟ್ ಬೆಂಗಾಲ್ ಸೇರಿದ 1993ರಲ್ಲೇ, ಇರಾಕಿನ ಅಲ್ ಜವ್ರಾ ತಂಡವನ್ನು 6–2ರಿಂದ ಸೋಲಿಸಿದ ಪಂದ್ಯದಲ್ಲಿ ಹ್ಯಾಟ್ರಿಕ್ ಹೊಡೆದರು. ಅಲ್ಲಿಂದ ಫಗ್ವಾರಾದ ಜೆಸಿಟಿ, ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. ಅವರ ನಾಯಕತ್ವದಲ್ಲಿ ಆ ತಂಡ 2001ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದಿತು. 2020ರ ಅಕ್ಟೋಬರ್‌ನಲ್ಲಿ, ಐವತ್ತು ತುಂಬುವ ಮೊದಲೇ ಬೆಂಗಳೂರಿನಲ್ಲಿ ತೀರಿಕೊಂಡರು. ಕನ್ನಡನಾಡಿನಿಂದ ಹೊರಟು ಭಾರತ ತಂಡದ ನಾಯಕನಾದ ಇಂಥವರ ಹೆಸರು ನಮ್ಮ ಶಾಲೆಗಳ ಯಾವ ಮಗುವಿಗೂ ಗೊತ್ತಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಬೆಂಗಳೂರಿನಲ್ಲಿ ಲೀಗ್ ಇರಲಿಲ್ಲವೇ? ಇತ್ತು, ಈಗಲೂ ಇದೆ. ಐಟಿಐ, ಎಚ್‌ಎಎಲ್ ಕಾರ್ಖಾನೆಗಳು, ಸೇನೆಯ ಎಂಇಜಿ ಮುಂತಾದವುಗಳ ತಂಡಗಳು ಆಟಗಾರನಿಗೆ ಕೆಲಸ ಕೊಟ್ಟು ಆಡಿಸಿದವು. ಮೈಸೂರು ರಾಜ್ಯ ನಾಲ್ಕು ಸಲ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದದ್ದು ಆ ಬಲದ ಮೇಲೆ. ಸಾರ್ವಜನಿಕ ಉದ್ದಿಮೆಗಳಲ್ಲಿ ಆಟಗಾರರ ನೇಮಕಾತಿ ಇಳಿದಂತೆ ತಂಡಗಳೂ ಸೊರಗಿದವು. 1969ರ ನಂತರ ಮತ್ತೆ ಆ ಟ್ರೋಫಿ ಮುಟ್ಟಲು ಕರ್ನಾಟಕಕ್ಕೆ 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಗೆದ್ದೆವು. ಆ ಸುದ್ದಿ ನಮ್ಮ ಕಡೆ ಎಷ್ಟು ಮನೆ ಮುಟ್ಟಿತೋ.

ನಮ್ಮ ಕಡೆ ಎಂದರೆ ವಿಜಯಪುರ, ತಿಕೋಟಾ, ಬಬಲೇಶ್ವರ. ಇಲ್ಲಿ ಆಟವಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಕುಸ್ತಿ, ಭಾರ ಎತ್ತುವ ಸ್ಪರ್ಧೆ ನೋಡಲು ಸೇರುವ ಜನ ನೋಡಿ. ಸೈಕಲ್ ಅಂತೂ ಈ ಜಿಲ್ಲೆಯ ಉಸಿರು. ಊರೂರಿನ ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ಇರುತ್ತದೆ. ಅಲ್ಲಿ ಸೋತ ಹುಡುಗ ಮುಂದಿನ ಊರಿನ ಜಾತ್ರೆಗೆ ಸೈಕಲ್ ತುಳಿದುಕೊಂಡು ಹೋಗುತ್ತಾನೆ. ವಿಜಯಪುರದಲ್ಲಿ ಕ್ರೀಡಾ ಇಲಾಖೆಯ ಸೈಕ್ಲಿಂಗ್ ಹಾಸ್ಟೆಲ್ ಇದೆ. ರಾಷ್ಟ್ರಮಟ್ಟದ ಸೈಕಲ್ ಪಟುಗಳು ಇಲ್ಲಿಂದ ಒಬ್ಬರಾದ ಮೇಲೊಬ್ಬರು ಬರುತ್ತಿರುವುದು ಈ ಎರಡರಿಂದ. ಇಲ್ಲಿನ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡ್ ಎದುರು 15 ರನ್ನಿಗೆ 5 ವಿಕೆಟ್ ಕಿತ್ತರು, ಭಾರತ ಸೆಮಿಫೈನಲ್ ಸೇರಿತು. ಈ ನೆಲದ ಮಕ್ಕಳ ಕಾಲು, ಕೈ, ಎದೆಗಾರಿಕೆಯಲ್ಲಿ ಕೊರತೆ ಏನೂ ಇಲ್ಲ.

ಫುಟ್‌ಬಾಲ್‌ನಲ್ಲಿ ಆಗುತ್ತಿರುವುದು ಬೇರೆ. ನಮ್ಮ ಶಾಲಾ ಮಕ್ಕಳಿಗೆ ಆಟ ಎಂದರೆ ಇಲಾಖೆಯ ಕ್ರೀಡಾಕೂಟ. ತಾಲ್ಲೂಕು ಮಟ್ಟದಲ್ಲಿ ಒಂದು ದಿನ ಬೆಳಿಗ್ಗೆ ತಂಡ ಕರೆದುಕೊಂಡು ಹೋಗುತ್ತಾರೆ. ನಾಕೌಟ್ ಪದ್ಧತಿ. ಮೊದಲ ಪಂದ್ಯ ಸೋತರೆ ಮಧ್ಯಾಹ್ನದ ಬಸ್ಸಿಗೆ ಮನೆ. ಆ ಹುಡುಗನ ಇಡೀ ವರ್ಷದ ಫುಟ್‌ಬಾಲ್ ನಲವತ್ತು ನಿಮಿಷದಲ್ಲಿ ಮುಗಿಯಿತು. ಗೋಲಿನ ಮುಂದೆ ಒಬ್ಬನೇ ಸಿಕ್ಕಾಗ ಅವನು ಚೆಂಡನ್ನು ಹೊರಗೆ ಒದ್ದಿದ್ದರೆ, ಆ ತಪ್ಪು ಮುಂದಿನ ವರ್ಷದವರೆಗೂ ಅವನ ಜೊತೆ ಹಾಗೇ ಇರುತ್ತದೆ. ಗಣೇಶ ಹಬ್ಬಕ್ಕೋ ಯಾರದೋ ಹುಟ್ಟುಹಬ್ಬಕ್ಕೋ ನಡೆಯುವ ಟೂರ್ನಮೆಂಟುಗಳೂ ಹೀಗೆಯೇ. ಬಹುಮಾನದ ಮೊತ್ತ ದೊಡ್ಡದಿರುತ್ತದೆ, ಸೋತ ತಂಡಕ್ಕೆ ಎರಡನೇ ಪಂದ್ಯ ಇರುವುದಿಲ್ಲ. ಹದಿನೆಂಟರ ಕಮ್ಮಿಂಗ್ಸ್ ನಮ್ಮಲ್ಲಿ ಹುಟ್ಟಿದ್ದರೆ ಹ್ಯಾಮಿಲ್ಟನ್ ಎದುರಿನ ಆ ಪೆನಾಲ್ಟಿಯೇ ಅವರ ಕೊನೆಯ ಒದೆತವಾಗುತ್ತಿತ್ತು.

ಸ್ಕಾಟ್ಲೆಂಡಿನ ಜನಸಂಖ್ಯೆ ಸುಮಾರು 54 ಲಕ್ಷ. ಅಲ್ಲಿನ ನಾಲ್ಕು ದರ್ಜೆಯ ವೃತ್ತಿಪರ ಲೀಗ್‌ನಲ್ಲಿ 42 ಕ್ಲಬ್‌ಗಳಿವೆ. 2011ರ ಜನಗಣತಿಯಂತೆ ವಿಜಯಪುರ ಜಿಲ್ಲೆಯ ಜನಸಂಖ್ಯೆ 21 ಲಕ್ಷ 77 ಸಾವಿರ. ಅದೇ ಪ್ರಮಾಣ ಹಿಡಿದರೆ ನಮ್ಮ ಜಿಲ್ಲೆಯೊಂದರಲ್ಲೇ ಹದಿನಾರು ಹದಿನೇಳು ಕ್ಲಬ್ ಇರಬೇಕಿತ್ತು. ಅವರ ಹಣಕಾಸು ಬೇರೆ, ನೂರೈವತ್ತು ವರ್ಷದ ರೂಢಿ ಬೇರೆ, ನಿಜ. ಆದರೂ ಗ್ರೆಗ್ ಸ್ಟೀವರ್ಟ್ ಎಲ್ಲಿಂದ ಮೇಲೆ ಬಂದರು ನೋಡಿ. ಕೌಡೆನ್‌ಬೀತ್ ಎಂಬುದು ಹಳೆಯ ಕಲ್ಲಿದ್ದಲು ಗಣಿಯ ಊರು, ಜನ ಹದಿನಾಲ್ಕು ಸಾವಿರದ ಆಸುಪಾಸು. ನಮ್ಮ ಕಡೆಯ ಒಂದು ದೊಡ್ಡ ಗ್ರಾಮದಷ್ಟು. ಆ ಊರಿಗೊಂದು ಕ್ಲಬ್, ಅದಕ್ಕೊಂದು ಮೈದಾನ. ಸ್ಟೀವರ್ಟ್ ಆ ಕ್ಲಬ್ಬಿನಲ್ಲಿ ವಾರವಾರ ಆಡಿ, ಅಲ್ಲಿಂದ ಡಂಡಿ, ಬರ್ಮಿಂಗ್‌ಹ್ಯಾಮ್, ರೇಂಜರ್ಸ್ ದಾಟಿ 2021ರಲ್ಲಿ ಜಮ್‌ಶೆಡ್‌ಪುರಕ್ಕೆ ಬಂದರು. ಬಂದ ವರ್ಷವೇ ಆ ತಂಡ ಲೀಗ್‌ನಲ್ಲಿ ಅಗ್ರಸ್ಥಾನ ಪಡೆಯಿತು, ಇವರು ಶ್ರೇಷ್ಠ ಆಟಗಾರ ಎನಿಸಿದರು. ತಿಕೋಟಾದಂಥ ಊರಿನ ಹುಡುಗ ಜಮ್‌ಶೆಡ್‌ಪುರದವರೆಗೆ ಹೋಗಲು ಅಷ್ಟು ಸುತ್ತು ಹಾಕಬೇಕಾಗಿಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್‌ನಲ್ಲಿ ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಇದೆ, ಇಲ್ಲಿಂದ ಒಂದು ಹಗಲಿನ ದಾರಿ. ಆದರೆ ಆಟಗಾರರನ್ನು ಆರಿಸಲು ಬರುವವರು ಪಂದ್ಯ ನಡೆಯುವ ಕಡೆ ಬರುತ್ತಾರೆ. ಪಂದ್ಯವೇ ಇಲ್ಲದ ಊರಿಗೆ ಏನು ನೋಡಲು ಬರಬೇಕು?

ಆದ್ದರಿಂದ ನಾನು ಕೇಳುತ್ತಿರುವುದು ದೊಡ್ಡ ಕ್ರೀಡಾಂಗಣವನ್ನಲ್ಲ, ಹುಲ್ಲುಹಾಸನ್ನಲ್ಲ. ಒಂದು ವೇಳಾಪಟ್ಟಿ. ಆರು ತಂಡ ಸಾಕು. ತಿಕೋಟಾದಿಂದ ಒಂದು, ಬಬಲೇಶ್ವರದಿಂದ ಒಂದು, ಇಟ್ಟಂಗಿಹಾಳದಂಥ ಸುತ್ತಲ ಹಳ್ಳಿಗಳನ್ನು ಸೇರಿಸಿ ಒಂದು, ವಿಜಯಪುರ ನಗರದಿಂದ ಮೂರು. ಹದಿನಾಲ್ಕು ವರ್ಷದೊಳಗಿನ ಹುಡುಗರದು. ಪ್ರತಿ ತಂಡ ಉಳಿದ ಐದು ತಂಡಗಳ ಜೊತೆ ಎರಡೆರಡು ಸಲ ಆಡಿದರೆ ಒಬ್ಬ ಹುಡುಗನಿಗೆ ಹತ್ತು ಪಂದ್ಯ. ಭಾನುವಾರಕ್ಕೆ ಒಂದರಂತೆ ಹತ್ತು ವಾರ. ಹುಡುಗಿಯರಿಗೂ ಇಂಥದೇ ಆರು ತಂಡ. ಚೆಟ್ರಿಯವರ ಮನೆಯಲ್ಲಿ ಮೊದಲು ದೇಶದ ಅಂಗಿ ತೊಟ್ಟು ಆಡಿದವರು ಅಮ್ಮ ಎಂಬುದನ್ನು ಮರೆಯಬಾರದು.

ಯಾವಾಗ ಆಡಿಸಬೇಕು ಎಂಬುದನ್ನು ನಮ್ಮ ನೆಲವೇ ಹೇಳುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಓಡಲು ಬಿಡುವುದಿಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಿ ಮಕ್ಕಳನ್ನು ಮೈದಾನಕ್ಕೆ ಇಳಿಸುವುದು ತಪ್ಪು. ಫೆಬ್ರುವರಿ ಬಂತೆಂದರೆ ಜೋಳದ ಸುಗ್ಗಿ, ದ್ರಾಕ್ಷಿ ಕಟಾವು, ಒಣದ್ರಾಕ್ಷಿ ಶೆಡ್ಡುಗಳ ಕೆಲಸ, ಅದರ ಹಿಂದೆಯೇ ಪರೀಕ್ಷೆ. ಉಳಿದದ್ದು ನವೆಂಬರ್ ಮೊದಲ ವಾರದಿಂದ ಸಂಕ್ರಾಂತಿಯವರೆಗಿನ ಕಾಲ. ಲೆಕ್ಕ ಹಾಕಿದರೆ ಹತ್ತು ಭಾನುವಾರವಂತೂ ಸಿಗುತ್ತವೆ. ಕೊನೆಯ ಪಂದ್ಯವನ್ನು ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಇಟ್ಟುಕೊಂಡರೆ ನೋಡುವ ಜನರಿಗೂ ಕೊರತೆಯಿಲ್ಲ. ಖರ್ಚು ಚೆಂಡಿನದು, ಗೋಲುಕಂಬದ್ದು, ಸುಣ್ಣದ ಗೆರೆಯದು, ಮಕ್ಕಳನ್ನು ಕರೆದೊಯ್ಯುವ ಟಂಟಂ ಗಾಡಿಯದು. ಒಂದು ಗಣೇಶೋತ್ಸವದ ಡಿಜೆ ಬಾಡಿಗೆಗಿಂತ ಇದು ಹೆಚ್ಚಾಗಲಾರದು. ವಿಜಯಪುರದ ಸೈನಿಕ ಶಾಲೆಯಲ್ಲಿ ಅರವತ್ತು ವರ್ಷಗಳಿಂದ ಮಕ್ಕಳು ಫುಟ್‌ಬಾಲ್ ಆಡುತ್ತಿದ್ದಾರೆ. ಅಲ್ಲಿ ಆಡಿ ಬೆಳೆದವರು, ಕಾಲೇಜು ತಂಡಗಳಲ್ಲಿ ಆಡಿದವರು ನಮ್ಮ ನಡುವೆಯೇ ಇದ್ದಾರೆ. ಪಂದ್ಯಕ್ಕೆ ಸೀಟಿ ಊದಲು ಅವರು ಸಾಕು.

ಬಹುಮಾನಕ್ಕೆ ಹಣ ಇಡಬೇಡಿ. ಆ ಹಣದಲ್ಲಿ ಇನ್ನೆರಡು ಚೆಂಡು ಕೊಳ್ಳಿ. ಸೋತ ತಂಡಕ್ಕೆ ಮುಂದಿನ ಭಾನುವಾರ ಯಾವ ಊರಿನಲ್ಲಿ, ಎಷ್ಟು ಗಂಟೆಗೆ ಪಂದ್ಯ ಎಂಬುದನ್ನು ಅಲ್ಲೇ ಬರೆದು ಕೊಡಿ. ನವೆಂಬರ್‌ಗೆ ಮುಂಚೆ ಮಾಡಬೇಕಾದ ಕೆಲಸ ಇಷ್ಟೇ: ಇದನ್ನು ಓದಿದ ನೀವು ನಿಮ್ಮ ಊರಿನ ಶಾಲೆಯ ಪಿ.ಟಿ. ಮಾಸ್ತರರನ್ನು ಈ ವಾರವೇ ಕಂಡು, ಹದಿನೈದು ಮಕ್ಕಳ ಹೆಸರು ಬರೆಸಿ.